ಓದುಗರ ಪ್ರಶ್ನೆ: ಕಾರಿನ ಹೆಡ್‌ಲೈಟ್ ಬಲ್ಬನ್ನು ನಾವೇ ಬದಲಾಯಿಸಬಹುದೇ?

ಪ್ರಶ್ನೆ: ನನ್ನ ಕಾರಿನ ಎಡಗಡೆಯ ಹೆಡ್‌ಲೈಟ್ ಲೋ ಬೀಮ್‌ನಲ್ಲಿ ಉರಿಯುತ್ತಿಲ್ಲ; ಹೈ ಬೀಮ್ ಹಾಕಿದಾಗ ಮಾತ್ರ ಎರಡೂ ಬದಿ ಬೆಳಗುತ್ತವೆ. ಬಲ್ಬ್ ಹೋಗಿದೆಯೆಂದು ತೋರುತ್ತದೆ. ಗ್ಯಾರೇಜಿಗೆ ಒಯ್ಯದೆ ಮನೆಯಲ್ಲೇ ಬದಲಾಯಿಸಲು ಸಾಧ್ಯವೇ? ಬಲ್ಬಿನ ಗಾಜನ್ನು ಕೈಯಿಂದ ಮುಟ್ಟಬಾರದೆಂದು ಹೇಳುತ್ತಾರೆ. ಅದು ನಿಜವೋ, ಸುಮ್ಮನೆ ಹೆದರಿಸುವ ಮಾತೋ?

ಉತ್ತರ: ನಿಮ್ಮ ಕಾರಿನಲ್ಲಿರುವುದು ಹ್ಯಾಲೊಜೆನ್ ಬಲ್ಬ್ ಆಗಿದ್ದರೆ ಖಂಡಿತ ಸಾಧ್ಯ. ಒಂದೇ ಬಲ್ಬಿನಿಂದ ಲೋ ಮತ್ತು ಹೈ ಬೀಮ್ ಎರಡೂ ಬರುವ ಕಾರುಗಳಲ್ಲಿ ಸಾಮಾನ್ಯವಾಗಿ ಎಚ್4 ಬಲ್ಬ್ ಇರುತ್ತದೆ. ಅದರೊಳಗೆ ಎರಡು ಫಿಲಮೆಂಟ್‌ಗಳಿದ್ದು (ಕಾದು ಬೆಳಗುವ ತೆಳು ಲೋಹದ ಸುರುಳಿಗಳು), ಹೈ ಬೀಮಿನದು 60 ವ್ಯಾಟ್, ಲೋ ಬೀಮಿನದು 55 ವ್ಯಾಟ್. ರಾತ್ರಿಯ ಓಡಾಟದಲ್ಲಿ ಹೆಚ್ಚು ಹೊತ್ತು ಉರಿಯುವುದು ಲೋ ಬೀಮ್ ಆದ್ದರಿಂದ ಮೊದಲು ತುಂಡಾಗುವುದೂ ಬಹುಮಟ್ಟಿಗೆ ಅದೇ. ನೀವು ಹೇಳಿದ ಲಕ್ಷಣ ಇದಕ್ಕೆ ಸರಿಯಾಗಿ ಹೊಂದುತ್ತದೆ. ಎರಡು ಬೀಮ್‌ಗಳಿಗೂ ಬೇರೆ ಬೇರೆ ಬಲ್ಬ್ ಇರುವ ಕಾರುಗಳಲ್ಲಿ ಎಚ್7, ಎಚ್1, ಎಚ್11 ಮುಂತಾದ ಒಂದೇ ಫಿಲಮೆಂಟಿನ ಬಲ್ಬ್‌ಗಳಿರುತ್ತವೆ. ಇವು ಒಂದರ ಜಾಗದಲ್ಲಿ ಇನ್ನೊಂದು ಕೂರುವಂಥವಲ್ಲ. ಯಾವ ಬಲ್ಬ್ ಬೇಕೆಂಬುದು ಕಾರಿನ ಕೈಪಿಡಿಯಲ್ಲಿಯೂ ಹಳೆಯ ಬಲ್ಬಿನ ಲೋಹದ ಬುಡದ ಮೇಲೆಯೂ ಬರೆದಿರುತ್ತದೆ; ಹೊಸದನ್ನು ಕೊಳ್ಳುವ ಮುನ್ನ ಎರಡನ್ನೂ ತಾಳೆ ನೋಡಿ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಕಾರಿನಲ್ಲಿರುವುದು ಝೆನಾನ್ ದೀಪವಾದರೆ ಬಾನೆಟ್ ತೆರೆಯುವ ಯೋಚನೆಯನ್ನೇ ಬಿಡಿ; ಅದು ಹೊತ್ತಿಕೊಳ್ಳುವ ಕ್ಷಣದಲ್ಲಿ 20,000 ವೋಲ್ಟಿಗೂ ಮೀರಿದ ವಿದ್ಯುತ್ ಹರಿಯುವುದರಿಂದ ಆ ಕೆಲಸವನ್ನು ತರಬೇತಿ ಪಡೆದವರಿಗೇ ಬಿಡಬೇಕು. ಕಾರ್ಖಾನೆಯಿಂದಲೇ ಎಲ್‌ಇಡಿ ಹೆಡ್‌ಲೈಟ್ ಬಂದಿದ್ದರೆ ಅದರಲ್ಲಿ ಬದಲಾಯಿಸಬಹುದಾದ ಬಲ್ಬೇ ಇಲ್ಲದಿರುವುದು ಸಾಮಾನ್ಯ.

ಕೆಲಸಕ್ಕೆ ಕೈ ಹಾಕುವಾಗ ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ದೀಪದ ಸ್ವಿಚ್ ಆಫ್ ಮಾಡಿ, ಎಂಜಿನ್ನೂ ದೀಪವೂ ಚೆನ್ನಾಗಿ ತಣಿಯುವವರೆಗೆ ಕಾಯಬೇಕು. ಎಂಜಿನ್ ನಿಂತ ಮೇಲೂ ಕೆಲವು ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ಇದ್ದಕ್ಕಿದ್ದಂತೆ ತಿರುಗಲಾರಂಭಿಸುತ್ತದೆಯಾದ್ದರಿಂದ ಆ ಕಡೆ ಕೈಯಾಗಲಿ ತೋಳಿನ ಬಟ್ಟೆಯಾಗಲಿ ಹೋಗದಂತೆ ನೋಡಿಕೊಳ್ಳಿ. ಹೆಡ್‌ಲೈಟಿನ ಹಿಂಬದಿಯಲ್ಲಿ ಎಚ್4 ಬಲ್ಬಿಗೆ ಮೂರು ಪಿನ್ನುಗಳ ಕನೆಕ್ಟರ್ ಸಿಕ್ಕಿಸಿರುತ್ತದೆ. ಅದನ್ನು ವೈರ್ ಹಿಡಿದು ಎಳೆಯದೆ, ಕನೆಕ್ಟರನ್ನೇ ಹಿಡಿದು ನೇರವಾಗಿ ಹಿಂದಕ್ಕೆ ಎಳೆಯಬೇಕು. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದು ಬಿಗಿದುಕೊಂಡಿದ್ದರೆ ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ಅಲುಗಿಸಿ ಬಿಡಿಸಿಕೊಳ್ಳಿ. ಅದರ ಹಿಂದಿರುವ ರಬ್ಬರ್ ಮುಚ್ಚಳವನ್ನು ತೆಗೆದರೆ ಬಲ್ಬನ್ನು ಅದುಮಿ ಹಿಡಿದಿರುವ ತಂತಿಯ ಕ್ಲಿಪ್ ಕಾಣುತ್ತದೆ. ಕ್ಲಿಪ್ಪನ್ನು ಒಳಕ್ಕೆ ಒತ್ತಿ ಪಕ್ಕಕ್ಕೆ ಸರಿಸಿದರೆ ಬಲ್ಬ್ ಹೊರಬರುತ್ತದೆ. ಈ ಕ್ಲಿಪ್ ಯಾವ ಬದಿಯಿಂದ ಹೇಗೆ ಸಿಕ್ಕಿಕೊಂಡಿತ್ತೆಂಬುದನ್ನು ತೆಗೆಯುವ ಮೊದಲೇ ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ಜಾಣತನ, ಏಕೆಂದರೆ ಮತ್ತೆ ಕೂರಿಸುವಾಗ ಹೆಚ್ಚಿನವರು ತಡವರಿಸುವುದು ಅಲ್ಲಿಯೇ. ಬ್ಯಾಟರಿಯೋ ಏರ್ ಫಿಲ್ಟರ್ ಪೆಟ್ಟಿಗೆಯೋ ಅಡ್ಡ ಬಂದು ಕೈ ತೂರದ ಕಾರುಗಳೂ ಇವೆ. ಕೆಲವು ಮಾದರಿಗಳಲ್ಲಂತೂ ಬಂಪರ್ ಕಳಚದೆ ಬಲ್ಬ್ ಕಣ್ಣಿಗೇ ಬೀಳುವುದಿಲ್ಲ. ಅಂಥ ಕಾರಾದರೆ ಹಟ ಹಿಡಿಯದೆ ಮೆಕ್ಯಾನಿಕ್‌ನ ಬಳಿ ಹೋಗುವುದೇ ಲೇಸೆಂದು ನನ್ನ ಅಭಿಪ್ರಾಯ.

ಇನ್ನು ಗಾಜನ್ನು ಮುಟ್ಟುವ ವಿಚಾರ. ಅದು ಹೆದರಿಸುವ ಮಾತಲ್ಲ, ಆದರೆ ಮುಟ್ಟಿದ ಕೂಡಲೇ ಬಲ್ಬ್ ಸಿಡಿಯುತ್ತದೆಂಬುದು ಉತ್ಪ್ರೇಕ್ಷೆ. ಉರಿಯುವ ಫಿಲಮೆಂಟಿನಿಂದ ಟಂಗ್‌ಸ್ಟನ್ ಆವಿಯಾಗುತ್ತಲೇ ಇರುತ್ತದೆ. ಬಲ್ಬಿನೊಳಗಿನ ಅಯೋಡಿನ್ ಅಥವಾ ಬ್ರೋಮಿನ್ ಆ ಆವಿಯೊಡನೆ ಕೂಡಿಕೊಂಡು, ಅದು ಗಾಜಿಗೆ ಅಂಟದಂತೆ ಮಾಡಿ, ಬಿಸಿಯಾದ ಫಿಲಮೆಂಟಿನ ಕಡೆಗೇ ಮರಳಿಸುತ್ತದೆ. ಈ ಕ್ರಿಯೆ ನಡೆಯಲು ಗಾಜಿನ ಗೋಡೆ 250 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರಬೇಕು. ಆದ್ದರಿಂದಲೇ ಬಲ್ಬನ್ನು ಅಷ್ಟು ಚಿಕ್ಕದಾಗಿ, ಶಾಖ ತಡೆಯುವ ಗಾಜಿನಿಂದ ಮಾಡಿರುತ್ತಾರೆ. ಬೆರಳಿನ ಜಿಡ್ಡು ಆ ಬಿಸಿಯಲ್ಲಿ ಸುಟ್ಟು ಕಲೆಯಾಗಿ ಅಲ್ಲಿ ಮಾತ್ರ ಹೆಚ್ಚು ಶಾಖ ನಿಲ್ಲುತ್ತದೆ. ಬೆವರಿನ ಉಪ್ಪು ಗಾಜನ್ನು ಆ ಜಾಗದಲ್ಲಿ ಹಾಲಿನಂತೆ ಮಬ್ಬಾಗಿಸಿ ದುರ್ಬಲಗೊಳಿಸುತ್ತದೆ. ಒಳಗಿನ ಅನಿಲ ಮೊದಲೇ ಒತ್ತಡದಲ್ಲಿರುವುದರಿಂದ ಬಲ್ಬ್ ತನ್ನ ಪೂರ್ಣ ಆಯುಸ್ಸು ಬಾಳದೆ ಬೇಗ ಹಾಳಾಗುತ್ತದೆ. ಹೀಗಾಗಿ ಹೊಸ ಬಲ್ಬನ್ನು ಲೋಹದ ಬುಡದಲ್ಲೇ ಹಿಡಿಯಬೇಕು, ಶುದ್ಧವಾದ ಕೈಗವಸು ಇದ್ದರೆ ಇನ್ನೂ ಒಳ್ಳೆಯದು. ತಪ್ಪಿ ಬೆರಳು ತಗಲಿದರೆ ಬಲ್ಬ್ ಎಸೆಯುವ ಅಗತ್ಯವಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ, ನೂಲು ಬಿಡದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಿದ ಮೇಲೆ ಕೂರಿಸಿದರಾಯಿತು.

ಆದರೆ ಜನ ಗಾಜಿನ ಬಗ್ಗೆ ತೋರುವಷ್ಟು ಕಾಳಜಿಯನ್ನು ಬಲ್ಬ್ ಕೂರುವ ರೀತಿಯ ಬಗ್ಗೆ ತೋರುವುದಿಲ್ಲ, ಮುಖ್ಯವಾದದ್ದು ಮಾತ್ರ ಅದೇ. ಎಚ್4 ಬಲ್ಬಿನ ಬುಡದಲ್ಲಿ ಮೂರು ಕಿವಿಗಳಿದ್ದು, ಅವುಗಳಲ್ಲಿ ಒಂದು ಅಗಲವಾಗಿರುವುದರಿಂದ ಬಲ್ಬ್ ಒಂದೇ ರೀತಿಯಲ್ಲಿ ಸರಿಯಾಗಿ ಕೂರುತ್ತದೆ. ಲೋ ಬೀಮ್ ಫಿಲಮೆಂಟಿನ ಕೆಳಗೆ ಪುಟ್ಟ ಲೋಹದ ತಗಡು ಇರುತ್ತದೆ; ಅದು ಬೆಳಕನ್ನು ಪ್ರತಿಫಲಕದ (ಬಲ್ಬಿನ ಸುತ್ತಲಿನ ಕನ್ನಡಿಯಂಥ ಬಟ್ಟಲಿನ) ಮೇಲರ್ಧಕ್ಕೆ ಮಾತ್ರ ಬಿಡುವುದರಿಂದಲೇ ಬೆಳಕು ರಸ್ತೆಯ ಕಡೆಗೆ ಬಾಗಿ, ಎದುರಿನವರ ಕಣ್ಣಿಗೆ ಹೊಡೆಯದೆ ಉಳಿಯುತ್ತದೆ. ಬಲ್ಬ್ ಓರೆಯಾಗಿ ಸಿಕ್ಕಿಕೊಂಡು ಫಿಲಮೆಂಟ್ ಒಂದೆರಡು ಮಿಲಿಮೀಟರ್ ಸರಿದರೂ ದೀಪ ಉರಿಯುತ್ತದೆ, ಬೆಳಕು ಮಾತ್ರ ಬೀಳಬೇಕಾದಲ್ಲಿ ಬೀಳುವುದಿಲ್ಲ. ಬುಡವು ಸುತ್ತಲೂ ಸಮನಾಗಿ ಅಂಟಿ ಕುಳಿತಿದೆಯೆಂದು ಬೆರಳಿನಿಂದ ತಡವಿ ಖಚಿತಪಡಿಸಿಕೊಂಡ ಮೇಲೆಯೇ ಕ್ಲಿಪ್ ಹಾಕಿ. ರಬ್ಬರ್ ಮುಚ್ಚಳವನ್ನು ಅಂಚಿನವರೆಗೂ ಒತ್ತಿ ಕೂರಿಸಿ. ಅದು ಸಡಿಲವಾಗಿದ್ದರೆ ಒಳಗೆ ತೇವವೂ ಧೂಳೂ ಸೇರಿ ಪ್ರತಿಫಲಕದ ಹೊಳಪನ್ನೇ ತಿಂದುಹಾಕುತ್ತವೆ. ಹೊಸ ಬಲ್ಬ್ ಹಾಕಿದರೂ ದೀಪ ಹೊತ್ತದಿದ್ದರೆ ಫ್ಯೂಸ್ ನೋಡಿ. ಎಡಕ್ಕೂ ಬಲಕ್ಕೂ ಪ್ರತ್ಯೇಕ ಫ್ಯೂಸ್ ಇರುವ ಕಾರುಗಳು ಬಹಳ.

ಬಲಗಡೆಯ ಬಲ್ಬೂ ಇಷ್ಟೇ ಗಂಟೆ ಉರಿದಿರುವುದರಿಂದ ಎರಡನ್ನೂ ಒಟ್ಟಿಗೆ ಬದಲಾಯಿಸುವುದು ಒಳ್ಳೆಯದು. ಇನ್ನೂ ಉರಿಯುತ್ತಿರುವ ಹಳೆಯದನ್ನು ಡಿಕ್ಕಿಯಲ್ಲಿ ಸ್ಪೇರ್ ಆಗಿ ಇಟ್ಟುಕೊಳ್ಳಿ.

ಪ್ರಶ್ನೆ: ಹ್ಯಾಲೊಜೆನ್ ಬಲ್ಬಿನ ಜಾಗಕ್ಕೇ ನೇರವಾಗಿ ಸಿಕ್ಕಿಸಬಹುದಾದ ಎಲ್‌ಇಡಿ ಬಲ್ಬ್‌ಗಳು ದೊರೆಯುತ್ತವೆ. 100 ವ್ಯಾಟಿನ ಹ್ಯಾಲೊಜೆನ್ ಬಲ್ಬ್‌ಗಳೂ ಇವೆ. ರಾತ್ರಿ ಬೆಳಕು ಸಾಲದ ನನಗೆ ಇವುಗಳಲ್ಲಿ ಯಾವುದು ಒಳ್ಳೆಯದು?

ಉತ್ತರ: ಎರಡನ್ನೂ ನಾನು ಸಲಹೆ ಮಾಡುವುದಿಲ್ಲ. ನಿಮ್ಮ ಹೆಡ್‌ಲೈಟಿನ ಪ್ರತಿಫಲಕವನ್ನು ಸುತ್ತಲೂ ಬೆಳಕು ಚೆಲ್ಲುವ ತೆಳು ಸುರುಳಿಗೆಂದು ಲೆಕ್ಕ ಹಾಕಿ ರೂಪಿಸಿರುತ್ತಾರೆ. ಎಲ್‌ಇಡಿಯಲ್ಲಿ ಬೆಳಕು ಹೊಮ್ಮುವುದು ಚಪ್ಪಟೆ ಪಟ್ಟಿಯ ಎರಡು ಮುಖಗಳಿಂದ. ಹೀಗಾಗಿ ಕಾರಿನ ಹತ್ತಿರದ ರಸ್ತೆ ಥಳಥಳಿಸಿ ತುಂಬ ಬೆಳಕಿದ್ದಂತೆ ಭಾಸವಾದರೂ, ವೇಗದಲ್ಲಿ ಹೋಗುವಾಗ ಬೇಕಾದ ದೂರದ ಬೆಳಕು ಕುಗ್ಗಬಹುದು. ಎದುರಿನಿಂದ ಬರುವವರ ಕಣ್ಣಂತೂ ಕೋರೈಸುತ್ತದೆ. ಅನೇಕ ದೇಶಗಳಲ್ಲಿ ಇವು ರಸ್ತೆಯ ಬಳಕೆಗೆ ಕಾನೂನುಬದ್ಧವೂ ಅಲ್ಲ. ಜರ್ಮನಿಯಲ್ಲಿ 2020ರಿಂದ ಕೆಲವಕ್ಕೆ ಅನುಮತಿ ದೊರೆತಿದೆ, ಆದರೆ ಅದೂ ಪರೀಕ್ಷಿಸಿ ಒಪ್ಪಿದ ನಿರ್ದಿಷ್ಟ ಕಾರಿನ ಮಾದರಿಗಳಿಗೆ ಮಾತ್ರ.

100 ವ್ಯಾಟಿನ ಬಲ್ಬ್ 12 ವೋಲ್ಟಿನಲ್ಲಿ 8 ಆಂಪಿಯರಿಗೂ ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ, 55 ವ್ಯಾಟಿನದಕ್ಕೆ 5 ಆಂಪಿಯರಿನ ಒಳಗೇ ಸಾಕು. ಆ ಹೊರೆಗೆ ಕಾರಿನ ವೈರು, ಸ್ವಿಚ್ಚುಗಳು ತಯಾರಾಗಿರುವುದಿಲ್ಲ. ಮೊದಲು ಕನೆಕ್ಟರ್ ಕರಗುತ್ತದೆ. ಹೆಚ್ಚು ಬಿಳಿಯೆಂದು ಮಾರುವ ನೀಲಿ ಲೇಪದ ಬಲ್ಬ್ ಕೂಡ ಬೆಳಕಿನ ಒಂದು ಪಾಲನ್ನು ಸೋಸಿ ತೆಗೆಯುತ್ತದೆಯೇ ಹೊರತು ಏನನ್ನೂ ಕೂಡಿಸುವುದಿಲ್ಲ.

ಬೆಳಕು ಸಾಲದೆನಿಸಿದರೆ ಮೊದಲು ಹೆಡ್‌ಲೈಟಿನ ಹೊರಮೈ ನೋಡಿ. ಈಗಿನ ಹೆಚ್ಚಿನ ಕಾರುಗಳಲ್ಲಿ ಅದು ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಬಿಸಿಲಿಗೆ ಹಳದಿಯಾಗಿ ಮಂಜು ಕವಿದಂತಾಗಿದ್ದರೆ ಅದನ್ನು ಉಜ್ಜಿ ಪಾಲಿಶ್ ಮಾಡಿ ಮೇಲೆ ರಕ್ಷಕ ಲೇಪ ಕೊಡಿಸುವುದರಿಂದ ಸಿಗುವ ಲಾಭ ಯಾವ ಬಲ್ಬಿನಿಂದಲೂ ಸಿಗದು. ಬಲ್ಬಿಗೆ ತಲುಪುವ ವೋಲ್ಟೇಜ್ ಶೇಕಡಾ 10ರಷ್ಟು ಕಡಿಮೆಯಾದರೂ ಬೆಳಕು ಸುಮಾರು ಮೂರನೇ ಒಂದು ಪಾಲಿನಷ್ಟು ಕುಗ್ಗುತ್ತದೆ. ಆದ್ದರಿಂದ ತುಕ್ಕು ಹಿಡಿದ ಕನೆಕ್ಟರ್, ಸಡಿಲವಾದ ಅರ್ಥ್ ವೈರುಗಳನ್ನೂ ಪರೀಕ್ಷಿಸಿ.

ಪ್ರಶ್ನೆ: ಬಲ್ಬ್ ಬದಲಾಯಿಸಿದ ಮೇಲೆ ಎದುರಿನ ವಾಹನದವರು ಪದೇ ಪದೇ ಲೈಟ್ ಮಿನುಗಿಸಿ ಎಚ್ಚರಿಸುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಬಲ್ಬ್ ಸರಿಯಾಗಿ ಕುಳಿತಿಲ್ಲವೆಂದೇ ಮೊದಲು ಶಂಕಿಸಿ. ಸಮತಟ್ಟಾದ ನೆಲದಲ್ಲಿ ಗೋಡೆಗೆ ಎದುರಾಗಿ ಕಾರನ್ನು ನಿಲ್ಲಿಸಿ, ಡ್ಯಾಶ್‌ಬೋರ್ಡಿನಲ್ಲಿ ದೀಪದ ಎತ್ತರ ಹೊಂದಿಸುವ ಚಕ್ರವಿದ್ದರೆ ಅದನ್ನು 0ಗೆ ತಂದು, ಲೋ ಬೀಮ್ ಹಾಕಿ. ಬೆಳಕಿನ ಮೇಲಂಚು ಎರಡೂ ಬದಿಯಲ್ಲಿ ಒಂದೇ ಆಕಾರದಲ್ಲಿ, ಒಂದೇ ಎತ್ತರದಲ್ಲಿರಬೇಕು. ಒಂದು ಬದಿಯ ಅಂಚು ಮಾತ್ರ ಚದುರಿದ್ದರೆ ಆ ಬಲ್ಬನ್ನು ತೆಗೆದು ಮತ್ತೆ ಕೂರಿಸಿ. ಆಕಾರ ಸರಿಯಿದ್ದು ಎತ್ತರ ಮಾತ್ರ ತಪ್ಪಿದ್ದರೆ ಹೆಡ್‌ಲೈಟಿನ ಹಿಂದಿರುವ ಹೊಂದಾಣಿಕೆಯ ಸ್ಕ್ರೂ ತಿರುಗಿಸಬೇಕಾಗುತ್ತದೆ. ಬಹಳಷ್ಟು ಕಾರುಗಳಲ್ಲಿ ಬೆಳಕು ಕೆಳಕ್ಕೆ ಬಾಗುವ ಇಳಿಜಾರು ಶೇಕಡಾ 1ರ ಆಸುಪಾಸಿನಲ್ಲಿರುತ್ತದೆ. ಅಂದರೆ 10 ಮೀಟರ್ ದೂರದ ಗೋಡೆಯ ಮೇಲೆ ಬೆಳಕಿನ ಅಂಚು ದೀಪದ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳಬೇಕು. ನಿಮ್ಮ ಕಾರಿನ ನಿಖರ ಸಂಖ್ಯೆ ಹೆಡ್‌ಲೈಟಿನ ಮೇಲೆ ಅಥವಾ ಬಾನೆಟ್‌ನ ಕೆಳಗಿನ ಚೀಟಿಯಲ್ಲಿ ಬರೆದಿದ್ದರೆ ಅದನ್ನೇ ಅನುಸರಿಸಿ.

ಪ್ರಶ್ನೆ: ಹೊಸ ಬಲ್ಬ್ ಹಾಕಿದರೂ ಕೆಲವೇ ವಾರಗಳಲ್ಲಿ ಹೋಗುತ್ತಿದೆ. ಕಾರಣವೇನು?

ಉತ್ತರ: ಒಂದೇ ಬದಿಯಲ್ಲಿ ಹೀಗಾಗುತ್ತಿದ್ದರೆ ಸಡಿಲವಾದ ಕ್ಲಿಪ್ಪಿನಿಂದ ಬಲ್ಬ್ ಅದುರುತ್ತಿದೆಯೇ, ಕನೆಕ್ಟರ್ ಕಂದಿದೆಯೇ, ಒಳಗೆ ನೀರು ಸೇರುತ್ತಿದೆಯೇ ಎಂದು ನೋಡಿ. ಎರಡೂ ಬದಿಯಲ್ಲಿ ಆಗುತ್ತಿದ್ದರೆ ಎಂಜಿನ್ ಚಾಲೂ ಇರುವಾಗ ಬ್ಯಾಟರಿಯ ವೋಲ್ಟೇಜನ್ನು ಮಲ್ಟಿಮೀಟರಿನಿಂದ ಅಳೆಯಿರಿ. ಅದು ಸಾಮಾನ್ಯವಾಗಿ 13.8ರಿಂದ 14.5ರ ನಡುವೆ ಇರುತ್ತದೆ. 15ನ್ನು ದಾಟಿದ್ದರೆ ಆಲ್ಟರ್ನೇಟರಿನ (ಎಂಜಿನ್ನಿನಿಂದ ತಿರುಗಿ ವಿದ್ಯುತ್ ಉತ್ಪಾದಿಸುವ ಯಂತ್ರದ) ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ವೋಲ್ಟೇಜ್ ಶೇಕಡಾ 5ರಷ್ಟು ಏರಿದರೆ ಸಾಕು, ಹ್ಯಾಲೊಜೆನ್ ಬಲ್ಬಿನ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅದನ್ನು ಸರಿಪಡಿಸುವವರೆಗೆ ಎಷ್ಟು ಒಳ್ಳೆಯ ಬಲ್ಬ್ ತಂದು ಹಾಕಿದರೂ ಉಳಿಯದು, ಬ್ಯಾಟರಿಯೂ ಜೊತೆಗೇ ಹಾಳಾಗುತ್ತದೆ.