ಎಂಟರಿಂದ ಆರರವರೆಗಿನ ಲೆಕ್ಕ

ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ಮನೆಯಲ್ಲಿ ಕುಳಿತ ಹುಡುಗಿ. 'ನೋಡೋಕೆ ಬರ್ತಾರಂತೆ' ಎಂಬ ಸುದ್ದಿ. ಆಮೇಲೆ ಹೊಲಿಗೆ ತರಗತಿಯ ಹಾಜರಿಯಲ್ಲಿ ಸಾಲಾಗಿ ಗೈರು. ಮಹಿಳಾ ಕೇಂದ್ರಗಳಲ್ಲಿ ಕೂರುವ ಆಪ್ತಸಲಹೆಗಾರರಿಗೆ ಇದರಲ್ಲಿ ಹೊಸದೇನೂ ಇಲ್ಲ, ವರ್ಷಕ್ಕೆ ನಾಲ್ಕಾರು ಸಲ ಎದುರಾಗುತ್ತದೆ. ಇಲ್ಲಿರುವ ಪ್ರಕರಣವೂ ಅಂಥದ್ದೇ. ಗುರುತು ಸಿಗದಂತೆ ಮನೆಯವರ ಕೆಲಸ, ಕೆಲವು ದಿನಾಂಕಗಳನ್ನು ಬದಲಿಸಿದೆ. ಮೊದಲ ಭೇಟಿಯಲ್ಲಿ ಕೊಟ್ಟ ಸಲಹೆಯಲ್ಲಿ ತಪ್ಪೇನೂ ಇರಲಿಲ್ಲ, ಆದರೂ ಅದು ನಾಟಲಿಲ್ಲ. ಬರೆಯಬೇಕೆನಿಸಿದ್ದು ಅದಕ್ಕೆ.

ಹುಡುಗಿಗೆ 17 ವರ್ಷ. ತಾಯಿ ಮೂರು ಮನೆಗಳಲ್ಲಿ ಕೆಲಸ ಮಾಡುತ್ತಾರೆ, ತಂದೆ ಲಾರಿ ಚಾಲಕ, ಹದಿನೈದು ದಿನಕ್ಕೊಮ್ಮೆ ಮನೆಗೆ. ತಮ್ಮ ಏಳನೇ ತರಗತಿ. ವಠಾರದಲ್ಲಿ ಒಂದೇ ಕೋಣೆಯ ಮನೆ. ಹಿನ್ನೆಲೆಯಾಗಿ ಇಷ್ಟು ಸಾಕು.

ಮೊದಲ ಸಲ ತಾಯಿ ಮಗಳು ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಓದಿದರೆ ಮುಂದೇನಾಗುತ್ತದೆ, 18ಕ್ಕೆ ಮುಂಚೆ ಮದುವೆ ಮಾಡಿದರೆ ಏನಾಗುತ್ತದೆ ಎಂದು ವಿವರಿಸಲಾಯಿತು. ತಾಯಿ ಎಲ್ಲದಕ್ಕೂ 'ಹೌದು ಮೇಡಂ' ಎಂದರು. ಮಗಳು ನೆಲ ನೋಡುತ್ತಿದ್ದಳು. ಮರುದಿನದಿಂದ ಒಂಬತ್ತು ದಿನ ಅವಳು ತರಗತಿಗೆ ಬರಲಿಲ್ಲ. ನಮ್ಮ ಕಡತಗಳಲ್ಲಿ ಇಂಥ ಭೇಟಿಗಳ ಮುಂದೆ 'ತಾಯಿಯ ಮನವೊಲಿಸಲಾಗಿದೆ' ಎಂದು ಬರೆದಿರುತ್ತದೆ. ತಲೆಯಾಡಿಸುವುದನ್ನು ಒಪ್ಪಿಗೆ ಎಂದು ಓದುವ ಚಾಳಿ ನಮ್ಮ ಕಸುಬಿಗೇ ಅಂಟಿಕೊಂಡಿದೆ. ದಿನವಿಡೀ ಬೇರೆಯವರ ಮನೆಗಳಲ್ಲಿ 'ಹೌದಮ್ಮ, ಸರಿಯಮ್ಮ' ಎನ್ನುತ್ತಲೇ ಬದುಕುವ ಹೆಂಗಸು ಇಲ್ಲಿಯೂ ಅದನ್ನೇ ಹೇಳಿ ಹೊರಡುತ್ತಾಳೆ.

ಎರಡನೇ ಭೇಟಿಗೆ ಕ್ರಮ ಬದಲಾಯಿತು. ಹೊಲಿಗೆ ಪ್ರಮಾಣಪತ್ರಕ್ಕೆ ಅರ್ಜಿ ತುಂಬಬೇಕು ಎಂಬ ನೆಪ ಹೇಳಿ ಕರೆಸಿ, ಮೊದಲು ಹುಡುಗಿಯೊಬ್ಬಳ ಜೊತೆಗೇ ಇಪ್ಪತ್ತು ನಿಮಿಷ ಮಾತು. ಗೌಪ್ಯತೆಗೂ ಒಂದು ಮಿತಿ ಇದೆ ಎಂಬುದನ್ನು ಆರಂಭದಲ್ಲೇ ಹೇಳಬೇಕು: 'ನೀನು ಹೇಳಿದ್ದನ್ನ ಅಮ್ಮನ ಹತ್ತಿರ ಹೇಳಲ್ಲ. ಆದರೆ ಯಾರಾದರೂ ನಿನ್ನನ್ನ ಕೆಟ್ಟದಾಗಿ ಮುಟ್ಟಿದ್ದರೆ, ಪೀಡಿಸಿದ್ದರೆ ಅದನ್ನ ಮುಚ್ಚಿಡೋ ಹಾಗಿಲ್ಲ.' 2012ರ ಪೋಕ್ಸೋ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ) ಕಾಯ್ದೆಯ 19ನೇ ಕಲಮಿನ ಪ್ರಕಾರ ಅಂಥದ್ದು ತಿಳಿದ ಮೇಲೆ ವರದಿ ಮಾಡದೆ ಇರುವಂತಿಲ್ಲ. ಎಲ್ಲವನ್ನೂ ಕೇಳಿಸಿಕೊಂಡ ನಂತರ ಈ ಮಾತು ಹೇಳಿದರೆ ಮಗು ಮೋಸಹೋದಂತೆ ಆಗುತ್ತದೆ. ಇಲ್ಲಿ ಅಂಥದ್ದೇನೂ ನಡೆದಿರಲಿಲ್ಲ.

'ಮದುವೆ ಇಷ್ಟ ಇದೆಯಾ?' ಎಂದು ಕೇಳಲಿಲ್ಲ. ಆ ಪ್ರಶ್ನೆಗೆ ಈ ವಯಸ್ಸಿನವರು ಕೊಡುವ ಉತ್ತರ 'ಮನೆಯವರು ಹೇಳಿದಂಗೆ' ಎಂಬುದೇ. ಅದರ ಬದಲು, ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದೆ ಎಂದು ಗಂಟೆ ಗಂಟೆಯ ಲೆಕ್ಕ ಕೇಳಲಾಯಿತು. ನೀರು, ಪಾತ್ರೆ, ತಮ್ಮನ ತಿಂಡಿ. ಆಮೇಲೆ? 'ಬಾಗಿಲು ಹಾಕ್ಕೊಂಡು ಕೂತಿರ್ತೀನಿ ಮಿಸ್.' ಎಷ್ಟು ಹೊತ್ತು? 'ಅಮ್ಮ ಬರೋ ತನಕ.'

ಓದಿನ ಮಾತು ಅವಳೇ ಎತ್ತಿದಳು. 'ನಾನು ಫೇಲಾಗಿದ್ದು ಲೆಕ್ಕದಲ್ಲಿ ಮಾತ್ರ. ಆದ್ರೆ ಎಲ್ರೂ ಹತ್ತನೇ ಕ್ಲಾಸು ಫೇಲು ಅಂತಾರೆ.' ಉಳಿದ ಐದು ವಿಷಯಗಳನ್ನು ಮತ್ತೆ ಬರೆಯಬೇಕಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅಂಕಪಟ್ಟಿ ಶಾಲೆಯಲ್ಲೇ ಉಳಿದಿತ್ತು. ಫೇಲಾದವರಿಗೆ ಅದು ಕೊಡುವುದಿಲ್ಲ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದರು.

ನಂತರ ತಾಯಿ ಬಂದು ಕುಳಿತರು. ಈ ಸಲ 'ಯಾಕೆ ಓದಿಸಲ್ಲ?' ಎಂದು ಕೇಳಲಿಲ್ಲ. ಆ ಪ್ರಶ್ನೆಯೊಳಗೆ ಆಪಾದನೆ ಇದೆ. 'ಮದುವೆ ಈಗಲೇ ಯಾಕೆ? ಮುಂದಿನ ವರ್ಷ ಆದರೆ ಏನು ತೊಂದರೆ ಆಗುತ್ತೆ ನಿಮಗೆ?' ಎಂದು ಕೇಳಿ ಸುಮ್ಮನಾಗಬೇಕಾಯಿತು. ತಾಯಿ ಸೆರಗಿನ ತುದಿ ಸುತ್ತುತ್ತ ತುಂಬ ಹೊತ್ತು ಮಾತಾಡಲಿಲ್ಲ. ಸಲಹೆಗಾರರು ಆ ಮೌನವನ್ನು ತುಂಬಲು ಹೋಗಬಾರದು. ಕೊನೆಗೆ ಅವರು ಹೇಳಿದ್ದು:

'ನಾನು ಬೆಳಿಗ್ಗೆ ಎಂಟಕ್ಕೆ ಮನೆ ಬಿಡ್ತೀನಿ, ಬರೋದು ಸಂಜೆ ಆರಕ್ಕೆ. ಆ ಹತ್ತು ಗಂಟೆ ಇವಳನ್ನ ಯಾರು ನೋಡ್ಕೋತಾರೆ, ನೀವು ಹೇಳಿ ಮೇಡಂ. ಸ್ಕೂಲಿಗೆ ಹೋಗ್ತಿದ್ದಾಗ ನನಗೆ ಈ ಯೋಚನೆನೇ ಇರಲಿಲ್ಲ.'

ಪ್ರಕರಣ ತಿರುಗಿದ್ದು ಇಲ್ಲಿ. ಈ ತಾಯಿಗೆ ಓದಿನ ಮೇಲೆ ದ್ವೇಷವಿರಲಿಲ್ಲ, ಮದುವೆಯ ಮೇಲೆ ಮೋಹವೂ ಇರಲಿಲ್ಲ. ಶಾಲೆ ಎಂದರೆ ಅವರಿಗೆ ಮಗಳು ಹಗಲಿಡೀ ಸುರಕ್ಷಿತವಾಗಿರುವ ಜಾಗ. ಆ ಜಾಗ ತಪ್ಪಿದ ಮೇಲೆ ಅವರಿಗೆ ಕಂಡ ಇನ್ನೊಂದು ಜಾಗ ಗಂಡನ ಮನೆ. ನಮ್ಮ ಮೊದಲ ಭೇಟಿಯ ಭಾಷಣದಲ್ಲಿ ಈ ಹತ್ತು ಗಂಟೆಗೆ ಒಂದು ವಾಕ್ಯವೂ ಇರಲಿಲ್ಲ. ಹೊಲಿಗೆ ತರಗತಿಯೂ ಇರುವುದು ಎರಡೇ ಗಂಟೆ. ಅದಕ್ಕಾಗಿ ಮಗಳು ಒಬ್ಬಳೇ ಹೋಗಿ ಬರಬೇಕು. ತಾಯಿಯ ಲೆಕ್ಕದಲ್ಲಿ ಅದು ಭಯವನ್ನು ಇನ್ನಷ್ಟು ಹೆಚ್ಚಿಸುವ ತರಗತಿ.

ಆದ್ದರಿಂದ ಕೊಟ್ಟ ಸಲಹೆಯೂ ಗಂಟೆಗಳದ್ದೇ. ಒಂದು ಹಾಳೆಯಲ್ಲಿ ಎಂಟರಿಂದ ಆರರವರೆಗೆ ಗೆರೆ ಎಳೆದು ಮೂವರೂ ಸೇರಿ ತುಂಬಿದೆವು. ಕೇಂದ್ರ ತೆರೆಯುವುದು ಒಂಬತ್ತಕ್ಕೆ. 9ರಿಂದ 11 ಹೊಲಿಗೆ. ಆಮೇಲೆ ಗಣಿತ, ಪದವಿ ಓದುತ್ತಿರುವ ಸ್ವಯಂಸೇವಕಿಯ ಜೊತೆ ದಿನಕ್ಕೆ 45 ನಿಮಿಷ, ವಾರಕ್ಕೆ ಐದು ದಿನ. ಮಧ್ಯಾಹ್ನದ ಮೇಲೆ ಅಲ್ಲಿಯೇ ಕುಳಿತು ಲೆಕ್ಕದ ಅಭ್ಯಾಸ, ಉಳಿದ ಹೊತ್ತು ಹೊಲಿಗೆ ಯಂತ್ರ. ನಾಲ್ಕಕ್ಕೆ ಮನೆ. ತಮ್ಮ ಶಾಲೆಯಿಂದ ಬರುವುದೂ ಅದೇ ಹೊತ್ತಿಗೆ. ಉಳಿದದ್ದು ಎಂಟರಿಂದ ಒಂಬತ್ತು. 'ಎದುರುಮನೆ ಅಜ್ಜಿ ಜಗಲಿ ಮೇಲೆ ಕೂತಿರುತ್ತೆ, ಅಲ್ಲಿರ್ತೀನಿ' ಎಂದಳು ಹುಡುಗಿ. ಆ ಗಂಟೆಗೆ ಉತ್ತರ ಅವಳಿಂದಲೇ ಬಂತು. ಇಂಥ ಹಾಳೆಯಲ್ಲಿ ಒಂದು ಸಾಲನ್ನಾದರೂ ಹುಡುಗಿಯೇ ತುಂಬಬೇಕು, ಇಲ್ಲದಿದ್ದರೆ ಅದು ಇನ್ನೊಂದು ಅಪ್ಪಣೆಯಾಗುತ್ತದೆ. ಹಾಳೆಯನ್ನು ತಾಯಿಯ ಕೈಗೇ ಕೊಟ್ಟೆವು. ಬರುವುದು ತಡವಾದರೆ, ಬಾರದಿದ್ದರೆ ಹೊಲಿಗೆ ಶಿಕ್ಷಕಿ ಅರ್ಧ ಗಂಟೆಯೊಳಗೆ ತಾಯಿಗೆ ಫೋನ್ ಮಾಡಬೇಕು ಎಂಬುದೂ ಅದರಲ್ಲಿತ್ತು.

ಎರಡನೇ ಸಲಹೆ ಅಂಕಪಟ್ಟಿಯದು, ಅದನ್ನು ಆ ವಾರವೇ ತರಬೇಕು. ಅನುತ್ತೀರ್ಣಳಾದ ವಿಷಯಕ್ಕೆ ಮರುಪರೀಕ್ಷೆ ಕಟ್ಟುವುದು ಓದಿದ ಶಾಲೆಯ ಮೂಲಕವೇ, ಹಾಲ್ ಟಿಕೆಟ್ ಸಿಗುವುದೂ ಅಲ್ಲೇ, ನೋಂದಣಿ ಸಂಖ್ಯೆ ಬೇಕೇ ಬೇಕು. ರಾಜ್ಯದಲ್ಲಿ ಈಗ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಒಂದು ತಪ್ಪಿದರೆ ವರ್ಷವೇ ಹೋಯಿತು ಎಂಬ ಕಾಲ ಮುಗಿದಿದೆ. ಇದು ಇನ್ನೂ ಎಷ್ಟೋ ಮನೆಗಳಿಗೆ ತಲುಪಿಲ್ಲ. ಒಬ್ಬಳೇ ಹೋಗು ಎಂದರೆ ಈ ಮಕ್ಕಳು ಶಾಲೆಯ ಗೇಟಿನವರೆಗೆ ಹೋಗಿ ಹಿಂದಿರುಗುತ್ತಾರೆ. ಫೇಲಾದವರಿಗೆ ಹಳೆಯ ಶಾಲೆ ಎಂದರೆ ಅವಮಾನದ ಜಾಗ. ಕೇಂದ್ರದಿಂದ ಒಬ್ಬರು ಜೊತೆಗೆ ಹೋಗಬೇಕು, ಮಾತು ಮಾತ್ರ ಅವಳೇ ಆಡಬೇಕು.

ಅಂಕಪಟ್ಟಿ ಬಂದ ಮೇಲೆ ಇನ್ನೊಂದು ಗಂಟೂ ಬಿಚ್ಚಿತು. ಆಧಾರ್‌ನಲ್ಲಿ ಜನ್ಮದಿನಾಂಕ ಜನವರಿ 1. ಜನನ ದಾಖಲೆ ತೋರಿಸದವರಿಗೆ ವರ್ಷ ಅಂದಾಜಿಸಿ ದಿನ ಹಾಗೆ ನಮೂದಾಗಿರುವುದುಂಟು. ಅದರಂತೆ ಬರುವ ಜನವರಿಗೆ ಅವಳಿಗೆ 18 ತುಂಬುತ್ತಿತ್ತು, ಮನೆಯವರು ಕಾಯುತ್ತಿದ್ದದ್ದೂ ಅದನ್ನೇ. ಅಂಕಪಟ್ಟಿಯಲ್ಲಿದ್ದದ್ದು ಅದೇ ವರ್ಷದ ಅಕ್ಟೋಬರ್. ವಯಸ್ಸಿನ ಪ್ರಶ್ನೆ ಬಂದಾಗ 2015ರ ಬಾಲ ನ್ಯಾಯ ಕಾಯ್ದೆಯ 94ನೇ ಕಲಮು ಮೊದಲು ನೋಡುವುದು ಶಾಲೆಯ ಅಥವಾ ಮೆಟ್ರಿಕ್ ಪ್ರಮಾಣಪತ್ರವನ್ನು, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರವನ್ನು, ಎರಡೂ ಇಲ್ಲದಿದ್ದರೆ ವೈದ್ಯಕೀಯ ಪರೀಕ್ಷೆಯನ್ನು. ಒಂದೇ ಹಾಳೆಯಿಂದ ಒಂಬತ್ತು ತಿಂಗಳು ಕೈಗೆ ಬಂತು.

ಕಾನೂನನ್ನು ತಾಯಿಗೆ ಹೇಳಿದ್ದು ಈ ಹಂತದಲ್ಲಿ, ಹೆದರಿಸದೆ, ಆದರೆ ಏನನ್ನೂ ಮುಚ್ಚಿಡದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ಇಂಥ ಮದುವೆ ಮಾಡಿಸಿದವರಿಗೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಹೆಂಗಸರಿಗೆ ಜೈಲು ಶಿಕ್ಷೆ ಇಲ್ಲ, ತಂದೆಗೆ ಉಂಟು. ಕರ್ನಾಟಕದಲ್ಲಿ 2016ರ ತಿದ್ದುಪಡಿಯಿಂದಾಗಿ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. 'ನಿಮ್ಮನ್ನೆಲ್ಲ ಒಳಗೆ ಹಾಕ್ತಾರೆ' ಎಂದು ತಾಯಂದಿರನ್ನು ಬೆದರಿಸುವ ಕಾರ್ಯಕರ್ತೆಯರಿದ್ದಾರೆ. ಸುಳ್ಳು ಬೆದರಿಕೆ ಒಂದು ದಿನ ಬಯಲಾಗುತ್ತದೆ, ಆಮೇಲೆ ನಿಜವಾದ ಎಚ್ಚರಿಕೆಯನ್ನೂ ಯಾರೂ ನಂಬುವುದಿಲ್ಲ.

ಸಹೋದ್ಯೋಗಿಗಳಿಂದ ಬಂದ ಆಕ್ಷೇಪಕ್ಕೂ ಇಲ್ಲಿ ಉತ್ತರಿಸಬೇಕು: ಮೊದಲ ದಿನವೇ ಮಕ್ಕಳ ಸಹಾಯವಾಣಿ 1098ಕ್ಕೆ ಯಾಕೆ ಕರೆ ಮಾಡಲಿಲ್ಲ? ನ್ಯಾಯವಾದ ಪ್ರಶ್ನೆ. ಮದುವೆಯ ದಿನ ಗೊತ್ತಾಗಿದ್ದರೆ, ಪತ್ರಿಕೆ ಅಚ್ಚಾಗಿದ್ದರೆ, ಛತ್ರಕ್ಕೆ ಮುಂಗಡ ಕೊಟ್ಟಿದ್ದರೆ, ಹುಡುಗಿಯನ್ನು ಬೇರೆ ಊರಿಗೆ ಕಳಿಸುವ ಸುಳಿವಿದ್ದರೆ ಆಪ್ತಸಲಹೆಗೆ ಅಲ್ಲಿ ಜಾಗವೇ ಇಲ್ಲ. ಅದೇ ಗಂಟೆಯಲ್ಲಿ ಕರೆ ಹೋಗಬೇಕು, ಮಕ್ಕಳ ಕಲ್ಯಾಣ ಸಮಿತಿಗೆ, ಬಾಲ್ಯವಿವಾಹ ನಿಷೇಧಾಧಿಕಾರಿಗೆ ತಿಳಿಸಬೇಕು. ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರಲು ಬಾಲ್ಯವಿವಾಹ ನಿಷೇಧ ಕಾಯ್ದೆಯ 13ನೇ ಕಲಮಿದೆ. ತಾಯಿಯ ಸಿಟ್ಟಿಗೆ ಅಂಜಿ ಒಂದು ದಿನ ತಡಮಾಡಿದರೂ ಅದು ನಮ್ಮ ತಪ್ಪು. ಇಲ್ಲಿ ಇದ್ದದ್ದು ಮಾತು ಮಾತ್ರ. ಅಧಿಕಾರಿಗಳು ಬಂದು ಮುಚ್ಚಳಿಕೆ ಬರೆಸಿಕೊಂಡು ಹೋದರೆ ಮದುವೆ 18 ತುಂಬುವವರೆಗೆ ನಿಲ್ಲುತ್ತದೆ. ಆದರೆ ಆ ಹತ್ತು ಗಂಟೆ ಖಾಲಿಯಾಗಿಯೇ ಉಳಿದರೆ ಹುಟ್ಟುಹಬ್ಬದ ಮರುವಾರವೇ ಹಸೆಮಣೆ, ಆಗ 1098ಕ್ಕೂ ಕೆಲಸವಿಲ್ಲ. ತಡೆಯುವುದಕ್ಕೆ ಕಾನೂನು, ತಡೆದ ಮೇಲಿನ ದಿನಗಳಿಗೆ ಕೇಂದ್ರ. ಎರಡನೆಯದಕ್ಕೆ ನಮ್ಮಲ್ಲಿ ಹಣವೂ ಕಡಿಮೆ, ತಾಳ್ಮೆಯೂ ಕಡಿಮೆ.

ಹಾಗೆಂದು ಹುಡುಗಿಯನ್ನು ಬರಿಗೈಯಲ್ಲಿ ಬಿಡಲಿಲ್ಲ. ಕರಪತ್ರ ಕೊಡಲಿಲ್ಲ, ಕೊಟ್ಟರೆ ಅದು ಸಿಗುವುದು ತಂದೆಯ ಕೈಗೆ. ಸಂಖ್ಯೆಯನ್ನು ಬಾಯಿಪಾಠ ಮಾಡಿಸಲಾಯಿತು, ಮೂರು ಸಲ ಹೇಳಿಸಲಾಯಿತು. 1098ಕ್ಕೆ ಹಣ ಬೇಡ, ದಿನದ 24 ಗಂಟೆಯೂ ಇದೆ. ಆದರೆ ಮನೆಯ ಫೋನಿನಲ್ಲಿ ಕರೆಯ ಗುರುತು ಉಳಿಯುತ್ತದೆ, ಅಳಿಸಬೇಕು ಅಥವಾ ಕೇಂದ್ರದ ಫೋನ್ ಬಳಸಬೇಕು. ತರಗತಿಗೆ ಬರಲಾಗದಂತೆ ತಡೆದರೆ, 'ಬ್ಲೌಸ್ ಅಳತೆ ತಪ್ಪಿದೆ' ಎಂದು ಯಾರ ಕೈಲಾದರೂ ಶಿಕ್ಷಕಿಗೆ ಹೇಳಿಕಳಿಸಬೇಕು. ಆ ಮಾತು ಬಂದರೆ ಅದೇ ದಿನ ಕರೆ ಮಾಡುತ್ತೇವೆ ಎಂದು ಒಪ್ಪಂದವಾಯಿತು.

ಗಣಿತದ ಬಗ್ಗೆ ಒಂದು ಮಾತು. ಅವಳಿಗೆ ಕಡಿಮೆಯಾಗಿದ್ದದ್ದು 11 ಅಂಕ. ಪೂರ್ತಿ ಪುಸ್ತಕ ಹಿಡಿದಿದ್ದರೆ ಅವಳು ಎರಡನೇ ವಾರವೇ ಬಿಟ್ಟುಬಿಡುತ್ತಿದ್ದಳು. ಏಳು ಎಂಟರ ಮಗ್ಗಿಯಿಂದ ಶುರು. ಆಮೇಲೆ ಹಂತ ತಪ್ಪದಿದ್ದರೆ ಉತ್ತರ ತಪ್ಪದ ಲೆಕ್ಕಗಳು: ಸರಾಸರಿ, ಮಧ್ಯಾಂಕ, ಬಹುಲಕ, ಎರಡು ಸಮೀಕರಣಗಳನ್ನು ನಕ್ಷೆಯಿಂದ ಬಿಡಿಸುವುದು, ಸಮಾಂತರ ಶ್ರೇಢಿ, ಒಂದೆರಡು ಪ್ರಮೇಯ. ಕೊನೆಯ ಉತ್ತರ ತಪ್ಪಿದರೂ ಬರೆದ ಹಂತಗಳಿಗೆ ಅಂಕವಿದೆ ಎಂದು ತಿಳಿದ ದಿನದಿಂದ ಅವಳು ಖಾಲಿ ಬಿಡುವುದನ್ನು ನಿಲ್ಲಿಸಿದಳು ಎನ್ನುತ್ತಾಳೆ ಸ್ವಯಂಸೇವಕಿ.

ಎಡವಿದ್ದು ಏಪ್ರಿಲ್‌ನಲ್ಲಿ. ಪರೀಕ್ಷೆ ಮುಗಿದು, ಫಲಿತಾಂಶ ಇನ್ನೂ ಬಂದಿರಲಿಲ್ಲ. ಕೇಂದ್ರಕ್ಕೆ ಎರಡು ವಾರ ಬೇಸಿಗೆ ರಜೆ. ಹತ್ತು ಗಂಟೆ ಮತ್ತೆ ಖಾಲಿ, ಅದೂ ಅಕ್ಷಯ ತೃತೀಯದ ಮದುವೆಗಳ ಹೊತ್ತಿನಲ್ಲಿ. ಐದನೇ ದಿನ ಬ್ಲೌಸ್ ಅಳತೆಯ ಮಾತು ಬಂತು. ದಿನ ಗೊತ್ತು ಮಾಡಲು ಗಂಡಿನ ಕಡೆಯವರು ಬರುತ್ತಿದ್ದರು. ಒಪ್ಪಂದದಂತೆ ಆ ಮಧ್ಯಾಹ್ನವೇ ಕರೆ ಹೋಯಿತು, ಅಧಿಕಾರಿಗಳು ಅಂಕಪಟ್ಟಿಯ ದಿನಾಂಕ ನೋಡಿ ತಂದೆಯಿಂದ ಮುಚ್ಚಳಿಕೆ ಬರೆಸಿಕೊಂಡರು. ತಾಯಿ ಒಂದು ವಾರ ನಮ್ಮೊಡನೆ ಮಾತು ಬಿಟ್ಟರು. ರಜೆಯಲ್ಲಿ ಕೇಂದ್ರದ ಒಂದು ಕೋಣೆಯನ್ನಾದರೂ ತೆರೆದಿಡಬೇಕೆಂದು ಆಡಳಿತ ಮಂಡಳಿಗೆ ಬರೆದುಕೊಟ್ಟಿದ್ದೇವೆ. ಈಗ ಸದ್ಯಕ್ಕೆ ಕೀಲಿಕೈ ಹೊಲಿಗೆ ಶಿಕ್ಷಕಿಯ ಬಳಿ ಇದೆ.

ಫಲಿತಾಂಶದ ದಿನ ತಾಯಿ ಬಂದರು. ಲೆಕ್ಕದಲ್ಲಿ ಮಗಳು ಪಾಸಾಗಿದ್ದಳು. ಎಷ್ಟು ಅಂಕ ಎಂದು ಅವರು ಕೇಳಲಿಲ್ಲ. ಗೋಡೆಯ ಗಡಿಯಾರ ನೋಡಿ ಕೇಳಿದ್ದು: 'ಪಿಯುಸಿ ಕಾಲೇಜು ಎಷ್ಟು ಗಂಟೆಗೆ ಬಿಡುತ್ತೆ ಮೇಡಂ?'