ಕಾರವಾರದ ಬೇಸಿಗೆ ಮೇಳಕ್ಕೆ ಆಳೆತ್ತರದ ಮರಳು ಶಿಲ್ಪವನ್ನು ಕುಸಿಯದಂತೆ ನಿರ್ಮಿಸುವುದು ಹೇಗೆ?

ಮರಳಿನ ಕಣಗಳನ್ನು ಒಂದಕ್ಕೊಂದು ಹಿಡಿದಿಡುವುದು ಅವುಗಳ ನಡುವಿನ ತೆಳುವಾದ ನೀರು. ಆದ್ದರಿಂದ ಶಿಲ್ಪದ ಬಾಳಿಕೆ ಕೆತ್ತನೆಗಿಂತ ಹೆಚ್ಚಾಗಿ ರಾಶಿ ಹಾಕುವ ಕ್ರಮವನ್ನೇ ಅವಲಂಬಿಸಿದೆ. ಕಾರವಾರದ ‘ರವೀಂದ್ರನಾಥ ಟ್ಯಾಗೋರ್ ಕಡಲತೀರ’ದಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಉಬ್ಬರದ ಗೆರೆಗಿಂತ ಮೇಲೆ ಜಾಗ ಆರಿಸಿ, ತಳವಿಲ್ಲದ ಹಲಗೆಯ ಚೌಕಟ್ಟುಗಳನ್ನು ಒಂದರ ಮೇಲೊಂದರಂತೆ ನಿಲ್ಲಿಸುತ್ತಾ, ಪ್ರತಿ ಸಲ ಗೇಣಿಗಿಂತ ಕಡಿಮೆ ಎತ್ತರಕ್ಕೆ ಮರಳು ತುಂಬಿ, ನೀರು ಹೊಯ್ದು, ದಿಮ್ಮಸಿನಿಂದ ಬಡಿದು ಗಟ್ಟಿಯಾದ ಬಳಿಕವೇ ಮುಂದಿನ ಪದರ ಹಾಕಬೇಕು. ಈ ಕೆಲಸ ಬೇಸರದ್ದು, ಆದರೆ ಅವಸರಿಸಿದ ಪದರವೇ ಮೊದಲು ಬಿರುಕು ಬಿಡುತ್ತದೆ. ಒದ್ದೆ ಮರಳಿನ ಉಂಡೆಯನ್ನು ಅಂಗೈಯಲ್ಲಿ ಉರುಳಿಸಿದಾಗ ಒಡೆಯದಿದ್ದರೆ ಆ ಮರಳು ಯೋಗ್ಯವೆನ್ನಬಹುದು. ಅಲೆಗಳಲ್ಲಿ ಉರುಳಿ ನುಣುಪಾದ ಕಣಗಳಿಗಿಂತ ಮೂಲೆಗಳುಳ್ಳ ಕಣಗಳು ಹೆಚ್ಚು ಬಿಗಿಯಾಗಿ ಕಚ್ಚಿಕೊಳ್ಳುತ್ತವೆ.

ಕೆತ್ತನೆ ಮೇಲಿನಿಂದ ಕೆಳಕ್ಕೆ ಸಾಗಬೇಕು. ಮೇಲಿನ ಚೌಕಟ್ಟನ್ನಷ್ಟೇ ಬಿಚ್ಚಿ, ಆ ಭಾಗ ಮುಗಿದ ನಂತರ ಕೆಳಗಿನದಕ್ಕೆ ಕೈಹಾಕಬೇಕು. ಯಕ್ಷಗಾನದ ವೇಷವನ್ನು ಆರಿಸಿದರೆ ಕಿರೀಟವನ್ನು ಹಿಂಬದಿಯ ರಾಶಿಗೆ ಅಂಟಿದಂತೆಯೇ ಉಬ್ಬುಚಿತ್ರವಾಗಿ ಬಿಡಿಸುವುದು ಲೇಸು, ಏಕೆಂದರೆ ಹೊರಚಾಚಿದ ಭಾಗಕ್ಕೆ ಆಧಾರವಿರುವುದಿಲ್ಲ. ಮಧ್ಯಾಹ್ನದ ಬಿಸಿಲು, ಕಡಲ ಗಾಳಿಗಳಿಗೆ ಮೇಲ್ಮೈ ಬೇಗ ಒಣಗುವುದರಿಂದ ಆಗಾಗ ನೀರನ್ನು ಹನಿಹನಿಯಾಗಿ ಸಿಂಪಡಿಸಿ, ಕೊನೆಗೆ ತೆಳುವಾಗಿ ಕಲಸಿದ ಬಿಳಿ ಅಂಟಿನ ನೀರನ್ನು ಸಿಂಪಡಿಸಿದರೆ ಮೇಳದ ದಿನಗಳಷ್ಟು ತಾಳುತ್ತದೆ.