ಮೊದಲ ಮಳೆಗೆ ಏಳುವ ಹುಳು ಅಲ್ಲಿತನಕ ಎಲ್ಲಿತ್ತು?

ಪ್ರಶ್ನೆ: ನಮ್ಮದು ಗದಗ ಕಡೆ ಮಸಾರಿ ಹೊಲ. ಏಪ್ರಿಲ್, ಮೇ ತಿಂಗಳಲ್ಲಿ ನೆಲ ಕಾದ ಹಂಚಾಗಿರುತ್ತದೆ, ಒಂದು ಹುಳುವೂ ಕಾಣುವುದಿಲ್ಲ. ಒಂದು ದೊಡ್ಡ ಮಳೆ ಬಿದ್ದರೆ ಸಾಕು, ಸ್ವಲ್ಪ ದಿನದಲ್ಲೇ ಶೇಂಗಾ ತುಂಬಾ ಕೆಂಪು ಕಂಬಳಿ ಹುಳು. ಎಲ್ಲಿಂದ ಬರುತ್ತವೆ ಇವು?

ಉತ್ತರ: ಎಲ್ಲಿಂದಲೂ ಬರುವುದಿಲ್ಲ, ನಿಮ್ಮ ಹೊಲದಲ್ಲೇ ಇದ್ದವು. ಹೋದ ಮುಂಗಾರಿಯಲ್ಲಿ ಮೇದು ಬಲಿತ ಹುಳು ಬದುವಿನ ಬುಡಕ್ಕೋ ಗಿಡದ ನೆರಳಿಗೋ ಹೋಗಿ, ಮಣ್ಣಿಗಿಳಿದು, ಕೋಶವಾಗಿ ಮಲಗಿಬಿಟ್ಟಿರುತ್ತದೆ. ಈ ಬೇಸಿಗೆಯಲ್ಲಿ ಒಮ್ಮೆ ಬದುವನ್ನು ಗೇಣುದ್ದ ಕೆದರಿ ನೋಡಿ. ಕಡುಕಂದು ಬಣ್ಣದ, ನುಣ್ಣನೆಯ ಕೋಶಗಳು ಸಿಗುತ್ತವೆ. ಅಂಗೈ ಮೇಲಿಟ್ಟು ಮೆಲ್ಲಗೆ ಮುಟ್ಟಿದರೆ ಕೆಲವು ಬಾಲದ ತುದಿ ಹೊರಳಿಸುತ್ತವೆ. ತಿಂಗಳುಗಟ್ಟಲೆ ತಿಂದಿಲ್ಲ, ಕುಡಿದಿಲ್ಲ, ಉಸಿರಾಟವೂ ತೀರ ಕಡಿಮೆ. ಆದರೂ ಜೀವ ಇದೆ! ಬೆಳೆಯೋದಕ್ಕೆ ಬೇಕಾದ ಹಾರ್ಮೋನು ಒಳಗೆ ಹೊರಡದೆ ನಿಂತಿರುತ್ತದೆ. ಮಳೆ ಬಿದ್ದು ಮಣ್ಣು ಚೆನ್ನಾಗಿ ನೆನೆದ ಮೇಲೆ ಪತಂಗ ಹೊರಗೆ ಬರುತ್ತದೆ.

ಹವೆಗೆ ಹೊಂದಿಕೊಳ್ಳೋದು ಅಂದರೆ ಬಿಸಿಲು ತಡೆಯುವ ಮೈ, ಚಳಿ ತಡೆಯುವ ರಕ್ತ ಅಂತ ನಾವು ಅಂದುಕೊಳ್ಳುತ್ತೇವೆ. ಅದೂ ಇದೆ. ಆದರೆ ಇಷ್ಟು ವರ್ಷ ಹುಳುಗಳ ಹಿಂದೆ ತಿರುಗಿದ ನನಗೆ ಅನ್ನಿಸುವುದು, ಅವುಗಳ ದೊಡ್ಡ ವಿದ್ಯೆ ಯಾವಾಗ ಮಲಗಬೇಕು, ಯಾವಾಗ ಏಳಬೇಕು ಅನ್ನುವ ಲೆಕ್ಕ. ಚಳಿ ದೇಶದ ಹುಳು ಹಿಮ ತಪ್ಪಿಸಿಕೊಳ್ಳಲು ಮಲಗುತ್ತದೆ, ನಮ್ಮ ಕಡೆಯದು ಬರ ತಪ್ಪಿಸಿಕೊಳ್ಳಲು.

ನಿಮಗೆ ಉಪಯೋಗ ಆಗುವ ಮಾತು: ಮಾಗಿ ಉಳುಮೆ, ಅಂದರೆ ಕಟಾವಿನ ನಂತರ ಹೊಲ ಉಳುವುದನ್ನು, ಬಿಡಬೇಡಿ. ಮೇಲೆ ಬಿದ್ದ ಕೋಶಗಳನ್ನು ಹಕ್ಕಿ ತಿನ್ನುತ್ತವೆ, ಉಳಿದವು ಬಿಸಿಲಿಗೆ ಒಣಗುತ್ತವೆ. ಮೊದಲ ದೊಡ್ಡ ಮಳೆಯ ನಂತರ ಮನೆಯ ಬಲ್ಬಿನ ಸುತ್ತ ಬಿಳಿ ರೆಕ್ಕೆಯ ಪತಂಗ ಕಂಡವು ಅಂದರೆ ಅವತ್ತೇ ದೀಪದ ಬಲೆ ಹಚ್ಚಿ. ಅಕ್ಕಪಕ್ಕದ ಹೊಲದವರೂ ಕೂಡಿ ಹಚ್ಚಿದರೆ ಮಾತ್ರ ಇದಕ್ಕೆ ಅರ್ಥ.

ಪ್ರಶ್ನೆ: ಹಾವೇರಿ ಜಿಲ್ಲೆಯವನು, ಗೋವಿನಜೋಳ ಬೆಳೆಯುತ್ತೇನೆ. ಫಾಲ್ ಸೈನಿಕ ಹುಳು ಅಮೆರಿಕದ್ದು ಅಂತಾರೆ. ಚಳಿ ದೇಶದ ಹುಳು ನಮ್ಮ ಬಿಸಿಲಿಗೆ ಇಷ್ಟು ಬೇಗ ಹೇಗೆ ಒಗ್ಗಿತು?

ಉತ್ತರ: ಅದು ಚಳಿ ದೇಶದ್ದಲ್ಲ ಸರ್. ಅಮೆರಿಕ ಖಂಡದ ಬೆಚ್ಚನೆಯ ಭಾಗ ಅದರ ತವರು. ಅದಕ್ಕೆ ಆ ಮಲಗುವ ವಿದ್ಯೆಯೇ ಗೊತ್ತಿಲ್ಲ. ಅಮೆರಿಕ ದೇಶದಲ್ಲಿ ಚಳಿಗಾಲ ಬಂದರೆ ದಕ್ಷಿಣದ ಫ್ಲಾರಿಡಾ, ಟೆಕ್ಸಾಸ್ ಕಡೆ ಮಾತ್ರ ಉಳಿಯುತ್ತದೆ, ಉತ್ತರದಲ್ಲಿದ್ದದ್ದೆಲ್ಲ ಸಾಯುತ್ತದೆ, ಮತ್ತೆ ವಸಂತದಲ್ಲಿ ಪತಂಗಗಳು ಗಾಳಿ ಹಿಡಿದು ನೂರಾರು ಕಿಲೋಮೀಟರ್ ಹಾರಿ ಉತ್ತರಕ್ಕೆ ಹೋಗುತ್ತವೆ. 2016ರಲ್ಲಿ ಆಫ್ರಿಕಾದಲ್ಲಿ ಕಂಡಿತು. 2018ರಲ್ಲಿ ಭಾರತದಲ್ಲಿ ಮೊದಲು ಸಿಕ್ಕಿದ್ದು ನಮ್ಮ ಕರ್ನಾಟಕದಲ್ಲೇ. ಇಲ್ಲಿ ಅದನ್ನು ಕೊಲ್ಲುವ ಚಳಿ ಇಲ್ಲ. ಮುಂಗಾರಿಗೆ ಗೋವಿನಜೋಳ, ನೀರಿದ್ದವರಲ್ಲಿ ಹಿಂಗಾರಿಗೂ, ಬೇಸಿಗೆಗೂ ಅದೇ. ಒಗ್ಗಿಕೊಳ್ಳುವ ಕಷ್ಟವೇ ಬರಲಿಲ್ಲ, ತವರಿನಂಥ ಹವೆ ಮತ್ತು ವರ್ಷವಿಡೀ ಊಟ ಸಿಕ್ಕಿತು. ಅದಕ್ಕೇ ನಡುವೆ ಒಂದು ಪೀಕು ಬೇರೆ ಹಾಕಿ ಅಂತ ನಾವು ಪದೇ ಪದೇ ಹೇಳೋದು.

ಪ್ರಶ್ನೆ: ಧಾರವಾಡದಲ್ಲಿ ಬಿಎಸ್ಸಿ ಓದುತ್ತಿದ್ದೇನೆ. ನಮ್ಮ ಹಿತ್ತಲಲ್ಲಿ ಸಂಜೆ ಹಾರುವ ಕಂದು ಚಿಟ್ಟೆಯೊಂದು ಮಳೆಗಾಲದಲ್ಲಿ ಒಂಥರ, ಬೇಸಿಗೆಯಲ್ಲಿ ಇನ್ನೊಂಥರ ಕಾಣುತ್ತದೆ. ಕೀಟ ಹವೆಗೆ ತಾನೇ ಬದಲಾಗುತ್ತದಾ? ಅಥವಾ ಅದಕ್ಕೆ ಸಾವಿರಾರು ವರ್ಷ ಬೇಕಾ?

ಉತ್ತರ: ತುಂಬಾ ಒಳ್ಳೆಯ ಪ್ರಶ್ನೆ. ಇಲ್ಲಿ ಎರಡು ಬೇರೆ ಸಂಗತಿಗಳಿವೆ, ಪುಸ್ತಕದಲ್ಲಿ ಎರಡಕ್ಕೂ 'ಹೊಂದಾಣಿಕೆ' ಅಂತ ಒಂದೇ ಪದ ಹಾಕಿರುತ್ತಾರೆ.

ನೀವು ನೋಡಿದ್ದು ಮೆಲನೈಟಿಸ್ ಲೆಡಾ ಇರಬೇಕು. ಮಳೆಗಾಲದ್ದನ್ನು ರೆಕ್ಕೆ ಮುಚ್ಚಿ ಕೂತಾಗ ನೋಡಿ, ಕೆಳಬದಿಯಲ್ಲಿ ಸಾಲಾಗಿ ದುಂಡನೆಯ ಕಣ್ಣಿನ ಬೊಟ್ಟುಗಳು. ಬೇಸಿಗೆಯದ್ದರಲ್ಲಿ ಆ ಬೊಟ್ಟು ಹೆಚ್ಚುಕಡಿಮೆ ಮಾಯ. ಒಣಗಿದ ಮಾವಿನ ಎಲೆಗಳ ನಡುವೆ ಕೂತರೆ ನೀವು ಕಾಲಿಡುವ ತನಕ ಗೊತ್ತೇ ಆಗುವುದಿಲ್ಲ. ಎರಡೂ ಒಂದೇ ಜಾತಿ. ಮರಿಹುಳುವಾಗಿದ್ದಾಗ ಸುತ್ತಲಿನ ಹವೆ ಹೇಗಿತ್ತು ಅನ್ನುವುದರ ಮೇಲೆ ಯಾವ ಅಂಗಿ ತೊಡಬೇಕು ಅಂತ ನಿರ್ಧಾರ ಆಗುತ್ತದೆ. ವಂಶವಾಹಿ ಬದಲಾಗಿಲ್ಲ.

ಎರಡನೆಯದು ಹಿಂಡಿಗೆ ಹಿಂಡೇ ಬದಲಾಗೋದು. ಇಲ್ಲಿ ಯಾವ ಒಂದು ಹುಳುವೂ ಬದಲಾಗುವುದಿಲ್ಲ, ಹವೆ ಜರಡಿ ಹಿಡಿದಂತೆ ಕೆಲವನ್ನು ಉಳಿಸಿ ಕೆಲವನ್ನು ಕಳೆಯುತ್ತದೆ, ಉಳಿದವುಗಳ ಮಕ್ಕಳೇ ಮುಂದಿನ ಹಿಂಡು. ಉತ್ತರ ಅಮೆರಿಕದ ಹೂಜಿಗಿಡದ ಎಲೆಯ ನೀರಿನಲ್ಲಿ ಬೆಳೆಯುವ ಒಂದು ಪುಟ್ಟ ಸೊಳ್ಳೆ ಇದೆ. ಹಗಲು ಇಷ್ಟು ಗಿಡ್ಡ ಆಯಿತು ಅಂದ ಕೂಡಲೇ ಅದರ ಮರಿ ಚಳಿಗಾಲದ ನಿದ್ದೆಗೆ ಹೋಗುತ್ತದೆ. ಸೆಖೆ ನಂಬಿದರೆ ಮೋಸ ಹೋಗಬಹುದು, ಹಗಲಿನ ಉದ್ದ ಯಾವತ್ತೂ ಸುಳ್ಳು ಹೇಳುವುದಿಲ್ಲ, ಅಲ್ವಾ? ಬ್ರಾಡ್‌ಶಾ ಮತ್ತು ಹೋಲ್ಜಾಪ್‌ಫೆಲ್ ಎಂಬ ಇಬ್ಬರು ವಿಜ್ಞಾನಿಗಳು 1972ರ ಮತ್ತು 1996ರ ಲೆಕ್ಕ ಹೋಲಿಸಿ 2001ರಲ್ಲಿ ಪ್ರಕಟಿಸಿದರು. ಉತ್ತರದ 50 ಡಿಗ್ರಿ ಅಕ್ಷಾಂಶದ ಸೊಳ್ಳೆಗಳು ಮೊದಲಿಗಿಂತ ಸುಮಾರು 9 ದಿನ ತಡವಾಗಿ ಮಲಗತೊಡಗಿದ್ದವು. ಚಳಿ ತಡವಾದ್ದರಿಂದ, ತಡವಾಗಿ ಮಲಗುವವುಗಳಿಗೆ ಇನ್ನಷ್ಟು ದಿನ ಮೇಯಲು ಸಿಕ್ಕಿತ್ತು. ಸಾವಿರಾರು ವರ್ಷ ಬೇಕಾಗಲಿಲ್ಲ, 24 ವರ್ಷ ಸಾಕಾಯಿತು.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಹಗಲಲ್ಲೇ ಕಚ್ಚುವ, ಬೆನ್ನ ಮೇಲೆ ಒಂದೇ ಬಿಳಿ ಗೆರೆಯ ಹುಲಿ ಸೊಳ್ಳೆ. ನಮ್ಮಂಥ ಉಷ್ಣದೇಶದ ಹುಲಿ ಸೊಳ್ಳೆಯ ಮೊಟ್ಟೆಗೆ ಚಳಿನಿದ್ದೆ ಇಲ್ಲ. ಚಳಿ ದೇಶದ್ದರಲ್ಲಿ ಇದೆ, ತಾಯಿ ಗಿಡ್ಡ ಹಗಲು ಕಂಡರೆ ಮಲಗುವ ಮೊಟ್ಟೆ ಇಡುತ್ತದೆ. ಹಳೆ ಟೈರುಗಳ ಜೊತೆ ಅಮೆರಿಕಕ್ಕೆ ಹೋದ ಇದು 1985ರಲ್ಲಿ ಟೆಕ್ಸಾಸ್‌ನಲ್ಲಿ ನೆಲೆ ನಿಂತದ್ದು ಗೊತ್ತಾಯಿತು. ಅಲ್ಲಿಂದ ಹರಡುತ್ತ ಹರಡುತ್ತ ಎರಡು ದಶಕದಲ್ಲಿ ಉತ್ತರದವು ಬೇಗ ಮಲಗುವ, ದಕ್ಷಿಣದವು ತಡವಾಗಿ ಮಲಗುವ ಹಿಂಡುಗಳಾದವು.

ಪ್ರಶ್ನೆ: ಬಿಸಿಲು ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗುತ್ತಿದೆ. ಹಾಗಾದರೆ ಹತ್ತಿಯ ಗುಲಾಬಿ ಕಾಯಿಕೊರಕ ತಾನೇ ಸಾಯುತ್ತದೆಯಾ? (ಹುಬ್ಬಳ್ಳಿ ತಾಲ್ಲೂಕಿನಿಂದ)

ಉತ್ತರ: ಅದನ್ನು ನಂಬಿ ಕೂರಬೇಡಿ. ಹುಳುವಿಗೆ ಸ್ವಂತ ಮೈಶಾಖ ಇಲ್ಲ, ಹೊರಗೆ ಬೆಚ್ಚಗಾದಷ್ಟೂ ಒಂದು ಮಿತಿಯ ತನಕ ಬೇಗ ಬೆಳೆಯುತ್ತದೆ, ಬೇಗ ಮರಿ ಮಾಡುತ್ತದೆ. ಆ ಮಿತಿ ದಾಟಿದರೆ ತೊಂದರೆ ಹೌದು, ಉಷ್ಣದೇಶದ ಎಷ್ಟೋ ಕೀಟಗಳು ಈಗಾಗಲೇ ಆ ಗೆರೆಯ ಹತ್ತಿರ ಇವೆ. ಆದರೆ ಮೊದಲು ಸೊರಗುವುದು ಕಾಯಿಕೊರಕವೇ ಆಗಬೇಕೆಂದಿಲ್ಲ, ಅದರ ಮೈಯಲ್ಲಿ ಮರಿ ಬೆಳೆಸಿ ಅದನ್ನು ಕೊಲ್ಲುವ ಪರತಂತ್ರಿ ಕಣಜಗಳೂ ಆಗಬಹುದು. ಮೇಲಾಗಿ ಕಾಯಿಕೊರಕ ಬಿಸಿಲಲ್ಲಿ ನಿಲ್ಲುವ ಹುಳುವೇ ಅಲ್ಲ. ಕೊನೆಯ ಕಾಯಿಗಳಲ್ಲಿ ಬಲಿತ ಮರಿಗಳಲ್ಲಿ ಕೆಲವು ಎರಡು ಬೀಜಗಳನ್ನು ಒಂದಕ್ಕೊಂದು ಅಂಟಿಸಿಕೊಂಡು ಒಳಗೆ ಮಲಗಿಬಿಡುತ್ತವೆ. ಬಿಚ್ಚದೇ ಉಳಿದ ಒಂದು ಒಣ ಕಾಯಿ ಒಡೆದು, ಅಂಟಿಕೊಂಡ ಬೀಜಗಳನ್ನು ಉಗುರಿನಿಂದ ಬಿಡಿಸಿ ನೋಡಿ, ಅಲ್ಲೇ ಸಿಗುತ್ತದೆ. ನೀವು ಉರುವಲಿಗೆ ಅಂತ ಮನೆ ಹಿಂದೆ ಒಟ್ಟಿದ ಹತ್ತಿ ಕಟ್ಟಿಗೆಯಲ್ಲಿ ಇಂಥ ಕಾಯಿ ಎಷ್ಟಿವೆಯೋ ಅಷ್ಟೂ ಮುಂದಿನ ಮುಂಗಾರಿಯ ಬೀಜ. ಹತ್ತಿ ಬಿಡಿಸಿ ಮುಗಿದ ಕೂಡಲೇ ಹೊಲಕ್ಕೆ ಕುರಿ ಹಿಂಡು ಬಿಡಿಸಿ, ಉಳಿದ ಕಾಯಿ ಮೇಯಲಿ. ಕಟ್ಟಿಗೆಯನ್ನು ಪುಡಿ ಮಾಡಿಸಿ ಮಣ್ಣಿಗೆ ಸೇರಿಸಿ. ಒಲೆಗೆ ಬೇಕೇ ಬೇಕು ಅನ್ನುವವರು ಮಳೆ ಬೀಳುವ ಮೊದಲೇ ಸುಟ್ಟು ಮುಗಿಸಿ, ಜೂನ್ ತನಕ ಬಣವೆ ಇಡಬೇಡಿ.